ನಿಕೋಟಿನಿಕ್ ಅಸಿಟೈಲ್‌ಕೋಲಿನ್ ಗ್ರಾಹಕ: ಬಂಧನದಿಂದ ಬದಲಾಗುವ ರಚನೆ

ನಿಕೋಟಿನಿಕ್ ಅಸಿಟೈಲ್‌ಕೋಲಿನ್ ಗ್ರಾಹಕವು ನರ ಮತ್ತು ಸ್ನಾಯು ಕೂಡುವೆಡೆಯಲ್ಲಿ, ನರಗಂಟುಗಳಲ್ಲಿ ಮತ್ತು ಮಿದುಳಿನಲ್ಲಿ ಇರುವ ಒಂದು ಪೊರೆ ಪ್ರೋಟೀನು. ನರದ ತುದಿಯಿಂದ ಹೊರಬಿದ್ದ ಅಸಿಟೈಲ್‌ಕೋಲಿನ್ ಎಂಬ ಪುಟ್ಟ ಅಣು ಬಂದು ಕೂಡಿದಾಗ ಈ ಪ್ರೋಟೀನಿನ ಆಕಾರ ಬದಲಾಗುತ್ತದೆ. ಅದರ ನಡುವೆ ಹಾಯ್ದಿರುವ ರಂಧ್ರ ತೆರೆದು ಸೋಡಿಯಂ ಅಯಾನುಗಳು ಕೋಶದೊಳಕ್ಕೆ ನುಗ್ಗುತ್ತವೆ, ಸ್ನಾಯು ಸೆಡೆಯುತ್ತದೆ. ಹೀಗೆ ಗ್ರಾಹಕಕ್ಕೆ ಬಂದು ಕೂಡುವ ಅಣುವನ್ನು ಲೈಗ್ಯಾಂಡ್ ಎನ್ನುತ್ತಾರೆ. ಅಸಿಟೈಲ್‌ಕೋಲಿನ್‌ನ ಅಣುತೂಕ 146, ಗ್ರಾಹಕದ್ದು ಸುಮಾರು 2,90,000. ತನಗಿಂತ ಎರಡು ಸಾವಿರ ಪಟ್ಟು ಭಾರವಾದ ಪ್ರೋಟೀನಿನ ಆಕಾರವನ್ನು ಇಷ್ಟು ಚಿಕ್ಕ ಅಣು ಒಂದು ಮಿಲಿಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಬದಲಿಸುವುದು ಹೇಗೆ ಎಂಬ ಪ್ರಶ್ನೆ ನೂರಕ್ಕೂ ಹೆಚ್ಚು ವರ್ಷಗಳ ಸಂಶೋಧನೆಯನ್ನು ಬೆಳೆಸಿದೆ. ನರಪ್ರೇಷಕಗಳ ಗ್ರಾಹಕಗಳಲ್ಲಿ ಮೊದಲು ಬೇರ್ಪಡಿಸಿದ್ದು, ಮೊದಲು ಅಮೈನೋ ಆಮ್ಲಗಳ ಸರಣಿಯನ್ನು ಓದಿದ್ದು, ಮೊದಲು ಪೊರೆಯಲ್ಲಿದ್ದಂತೆಯೇ ಚಿತ್ರಿಸಿದ್ದು ಇದನ್ನೇ. ಆದ್ದರಿಂದ ಉಳಿದ ಗ್ರಾಹಕಗಳನ್ನು ಅರಿಯುವ ದಾರಿ ಇದರ ಮೂಲಕವೇ ಹಾದುಹೋಗುತ್ತದೆ.

ಪತ್ತೆಯಾದ ಬಗೆ

1850ರ ದಶಕದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ದಕ್ಷಿಣ ಅಮೆರಿಕದ ಬಾಣವಿಷವಾದ ಕ್ಯುರಾರೆಯನ್ನು ಕಪ್ಪೆಗಳ ಮೇಲೆ ಪ್ರಯೋಗಿಸಿದರು. ವಿಷವೇರಿದ ಕಪ್ಪೆಯ ನರವೂ ಸ್ನಾಯುವೂ ತಮ್ಮಷ್ಟಕ್ಕೆ ಸರಿಯಾಗಿದ್ದವು, ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟುವುದು ಮಾತ್ರ ನಿಂತುಹೋಗಿತ್ತು. 1905ರಲ್ಲಿ ಕೇಂಬ್ರಿಜ್‌ನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೋಳಿಯ ಸ್ನಾಯುವಿಗೆ ನಿಕೋಟಿನ್ ಹಾಕಿದರೆ ಅದು ಸೆಡೆಯುತ್ತಿತ್ತು, ಕ್ಯುರಾರೆ ಆ ಸೆಡೆತವನ್ನು ತಡೆಯುತ್ತಿತ್ತು. ನರವನ್ನು ಕಡಿದು ಅದು ಸತ್ತುಹೋದ ಮೇಲೂ ಇದು ಹೀಗೆಯೇ ನಡೆಯಿತು. ಅಂದರೆ ಎರಡೂ ವಸ್ತುಗಳು ತಾಕುತ್ತಿದ್ದುದು ನರವನ್ನಲ್ಲ, ಸ್ನಾಯುವಿನಲ್ಲೇ ಇರುವ ಯಾವುದೋ ಒಂದು 'ಗ್ರಾಹಕ ವಸ್ತು'ವನ್ನು. ಆ ವಸ್ತುವನ್ನು ಕಣ್ಣಾರೆ ಕಾಣದೆ ಕೇವಲ ತರ್ಕದಿಂದ ಲ್ಯಾಂಗ್ಲಿ ಮಾಡಿದ ಈ ಊಹೆ ಔಷಧಶಾಸ್ತ್ರದ ಅತ್ಯುತ್ತಮ ಊಹೆಗಳಲ್ಲೊಂದು.

ಆದರೆ ವಸ್ತು ಕೈಗೆ ಸಿಗಲು ಮತ್ತೆ ಆರೇಳು ದಶಕ ಬೇಕಾಯಿತು. ಸಾಮಾನ್ಯ ಸ್ನಾಯುವಿನಲ್ಲಿ ಗ್ರಾಹಕದ ಪ್ರಮಾಣ ತೀರಾ ಕಡಿಮೆ. ಈ ಕೊರತೆಯನ್ನು ಎರಡು ಬಗೆಯ ಪ್ರಾಣಿಗಳು ನೀಗಿದವು. ಒಂದು, ವಿದ್ಯುತ್ ಹೊಮ್ಮಿಸುವ ಮೀನು. ನಮ್ಮ ಕರಾವಳಿಯವರು ತೊರಕೆ ಎಂದು ಕರೆಯುವ ಚಪ್ಪಟೆ ಮೀನುಗಳ ದೂರದ ನಂಟಿನ ಟಾರ್ಪೆಡೊ ಮತ್ತು ದಕ್ಷಿಣ ಅಮೆರಿಕದ ವಿದ್ಯುತ್ ಹಾವುಮೀನು, ಇವುಗಳ ವಿದ್ಯುತ್ ಅಂಗವು ಮಾರ್ಪಟ್ಟ ಸ್ನಾಯುಕೋಶಗಳ ರಾಶಿ, ಅದರ ಪೊರೆಯಲ್ಲಿ ಗ್ರಾಹಕಗಳು ಕಿಕ್ಕಿರಿದಿರುತ್ತವೆ. ಇನ್ನೊಂದು, ತೈವಾನಿನ ಪಟ್ಟೆ ಕ್ರೈಟ್ ಹಾವು. 1963ರಲ್ಲಿ ಚಾಂಗ್ ಮತ್ತು ಲೀ ಅದರ ವಿಷದಿಂದ ಆಲ್ಫಾ-ಬಂಗಾರೊಟಾಕ್ಸಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಅದು ಸ್ನಾಯುವಿನ ಗ್ರಾಹಕಕ್ಕೆ ಬಿಗಿಯಾಗಿ ಅಂಟಿ, ಬಿಡದೆ ನಿಲ್ಲುತ್ತದೆ. 1970ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಜಾನ್-ಪಿಯೇರ್ ಶಾಂಜೂ, ಲೀ ಅವರೊಡನೆ ಸೇರಿ ಇದೇ ವಿಷದ ನೆರವಿನಿಂದ ಹಾವುಮೀನಿನ ಗ್ರಾಹಕವನ್ನು ಗುರುತಿಸಿದರು. 1982–83ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಶೋಸಾಕು ನೂಮಾ ಅವರ ತಂಡ ಟಾರ್ಪೆಡೊ ಗ್ರಾಹಕದ ವಂಶವಾಹಿಗಳನ್ನು ಓದಿ ಅದರ ಅಮೈನೋ ಆಮ್ಲಗಳ ಸರಣಿಯನ್ನು ಮುಂದಿಟ್ಟಿತು.

ನಡುವೆ 1976ರಲ್ಲಿ ಜರ್ಮನಿಯ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಕಪ್ಪೆಯ ಸ್ನಾಯುವಿನ ಮೇಲೆ ಸೂಜಿಮೊನೆಯಷ್ಟು ಸಪೂರವಾದ ಗಾಜಿನ ನಳಿಕೆಯನ್ನಿಟ್ಟು ಒಂದೇ ಒಂದು ಗ್ರಾಹಕ ತೆರೆದು ಮುಚ್ಚುವಾಗಿನ ವಿದ್ಯುತ್ತನ್ನು ದಾಖಲಿಸಿದರು. ಒಂದು ಪ್ರೋಟೀನು ಆಕಾರ ಬದಲಿಸುವುದನ್ನು ಅದು ಬದಲಿಸುವ ಕ್ಷಣದಲ್ಲೇ ಕಂಡ ಮೊದಲ ಸಂದರ್ಭ ಅದು. ಅವರಿಗೆ 1991ರ ನೊಬೆಲ್ ಸಂದಿತು.

ರಚನೆ

ಗ್ರಾಹಕದಲ್ಲಿ ಐದು ಉಪಘಟಕಗಳು ವರ್ತುಲವಾಗಿ ನಿಂತಿವೆ. ವಯಸ್ಕರ ಸ್ನಾಯುವಿನಲ್ಲಿ ಎರಡು ಆಲ್ಫಾ, ತಲಾ ಒಂದು ಬೀಟಾ, ಡೆಲ್ಟಾ ಮತ್ತು ಎಪ್ಸಿಲಾನ್. ಗರ್ಭದಲ್ಲಿರುವ ಮಗುವಿನಲ್ಲಿ ಎಪ್ಸಿಲಾನ್ ಬದಲು ಗ್ಯಾಮಾ ಇರುತ್ತದೆ. ಮಿದುಳಿನಲ್ಲಿ ಜೋಡಣೆ ಬೇರೆ: ಆಲ್ಫಾ4 ಮತ್ತು ಬೀಟಾ2 ಕೂಡಿದ ಬಗೆ ಅಲ್ಲಿ ಹೆಚ್ಚು, ಐದಕ್ಕೆ ಐದೂ ಆಲ್ಫಾ7 ಆಗಿರುವ ಬಗೆಯೂ ಉಂಟು.

ಪ್ರತಿ ಉಪಘಟಕಕ್ಕೆ ಮೂರು ಭಾಗ. ಕೋಶದ ಹೊರಗೆ ಚಾಚಿದ ದೊಡ್ಡ ಭಾಗ ಬೀಟಾ ಎಳೆಗಳಿಂದ ಹೆಣೆದದ್ದು. ಪೊರೆಯೊಳಗೆ ಎಂ1ರಿಂದ ಎಂ4ರವರೆಗೆ ನಾಲ್ಕು ಸುರುಳಿಗಳು ನಿಂತಿವೆ. ಎಂ3 ಮತ್ತು ಎಂ4ರ ನಡುವಿನ ಉದ್ದ ಸರಪಳಿ ಕೋಶದ ಒಳಗಿದೆ. ಐದು ಉಪಘಟಕಗಳ ಐದು ಎಂ2 ಸುರುಳಿಗಳು ಸುತ್ತುವರಿದು ರಂಧ್ರದ ಗೋಡೆಯಾಗುತ್ತವೆ. ಲೈಗ್ಯಾಂಡ್ ಬಂದು ಕೂಡುವ ಜಾಗ ಹೊರಭಾಗದಲ್ಲಿ, ಬಾಗಿಲು ಪೊರೆಯ ನಡುವೆ. ಎರಡಕ್ಕೂ ನಡುವೆ ಸುಮಾರು 50 ಆಂಗ್‌ಸ್ಟ್ರಾಮ್ ಅಂತರ. ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗ. ನಮ್ಮ ಅಳತೆಯಲ್ಲಿ ಏನೂ ಅಲ್ಲದ ಈ ದೂರ, ಪ್ರೋಟೀನಿನ ಅಳತೆಯಲ್ಲಿ ಬಹಳ. ಲೈಗ್ಯಾಂಡ್ ಬಾಗಿಲನ್ನು ಮುಟ್ಟುವುದೇ ಇಲ್ಲ. ಅದು ದೂರದಲ್ಲಿ ಕೂತು, ನಡುವಿನ ಪ್ರೋಟೀನಿನ ಮೂಲಕವೇ ಬಾಗಿಲನ್ನು ತೆರೆಸಬೇಕು. ಈ ಲೇಖನದ ಮುಖ್ಯ ವಿಷಯ ಈ ದೂರವೇ.

ಅಸಿಟೈಲ್‌ಕೋಲಿನ್ ಕೂಡುವ ಜಾಗ

ಸ್ನಾಯುವಿನ ಗ್ರಾಹಕದಲ್ಲಿ ಇಂಥ ಎರಡು ಜಾಗಗಳಿವೆ. ಎರಡೂ, ಆಲ್ಫಾ ಉಪಘಟಕ ತನ್ನ ನೆರೆಯ ಉಪಘಟಕವನ್ನು ಸಂಧಿಸುವ ಗಡಿಯಲ್ಲಿವೆ: ಒಂದು ಆಲ್ಫಾ–ಎಪ್ಸಿಲಾನ್ ನಡುವೆ, ಇನ್ನೊಂದು ಆಲ್ಫಾ–ಡೆಲ್ಟಾ ನಡುವೆ. ಆಲ್ಫಾದ ಎ, ಬಿ, ಸಿ ಎಂಬ ಮೂರು ಕುಣಿಕೆಗಳೂ ಎದುರಿನ ಉಪಘಟಕದ ಕೆಲವು ಎಳೆಗಳೂ ಸೇರಿ ಒಂದು ಗೂಡನ್ನು ಕಟ್ಟುತ್ತವೆ. ಗೂಡಿನ ಗೋಡೆಗಳೆಲ್ಲ ಉಂಗುರವುಳ್ಳ ಅಮೈನೋ ಆಮ್ಲಗಳು, ಅಂದರೆ ಟೈರೊಸಿನ್ ಮತ್ತು ಟ್ರಿಪ್ಟೊಫ್ಯಾನ್. ಧನ ವಿದ್ಯುದಂಶವುಳ್ಳ ಅಸಿಟೈಲ್‌ಕೋಲಿನ್ ಅಣುವನ್ನು ಹಿಡಿಯಲು ಋಣ ವಿದ್ಯುದಂಶದ ಅಮೈನೋ ಆಮ್ಲಗಳಿರಬೇಕೆಂದು ಮೊದಲು ಎಲ್ಲರೂ ಎಣಿಸಿದ್ದರು. ಆದರೆ ಹಿಡಿತದ ಮುಖ್ಯ ಪಾಲು ಈ ಉಂಗುರಗಳ ಮುಖದ ಮೇಲೆ ಹರಡಿರುವ ಎಲೆಕ್ಟ್ರಾನುಗಳದು. 1998ರಲ್ಲಿ ಕ್ಯಾಲಿಫೋರ್ನಿಯಾದ ಡೆನಿಸ್ ಡೊಹರ್ಟಿ ಮತ್ತು ಹೆನ್ರಿ ಲೆಸ್ಟರ್ ಅವರ ತಂಡ ಇದನ್ನು ಸೊಗಸಾದ ಪ್ರಯೋಗದಿಂದ ತೋರಿಸಿತು. ಬಿ ಕುಣಿಕೆಯ 149ನೆಯ ಟ್ರಿಪ್ಟೊಫ್ಯಾನ್ ಬದಲು, ಫ್ಲೋರಿನ್ ಪರಮಾಣುಗಳನ್ನು ಒಂದೊಂದಾಗಿ ಸೇರಿಸಿದ ಕೃತಕ ಟ್ರಿಪ್ಟೊಫ್ಯಾನ್‌ಗಳನ್ನು ಅವರು ಅಲ್ಲಿ ಕೂರಿಸಿದರು. ಫ್ಲೋರಿನ್ ಹೆಚ್ಚಿದಷ್ಟೂ ಉಂಗುರದ ಎಲೆಕ್ಟ್ರಾನ್ ಬಲ ಕುಗ್ಗುತ್ತದೆ. ಅಸಿಟೈಲ್‌ಕೋಲಿನ್‌ನ ಪರಿಣಾಮವೂ ಅದೇ ಲೆಕ್ಕದಲ್ಲಿ ಕುಗ್ಗಿತು.

ಗೂಡಿನ ಆಕಾರವನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು ಒಂದು ಸಿಹಿನೀರಿನ ಬಸವನಹುಳು. ಅದರ ನರಮಂಡಲದಲ್ಲಿ ಅಸಿಟೈಲ್‌ಕೋಲಿನ್ ಹಿಡಿಯುವ, ಆದರೆ ರಂಧ್ರವೇ ಇಲ್ಲದ ಒಂದು ಪ್ರೋಟೀನಿದೆ. ಅದು ಗ್ರಾಹಕದ ಹೊರಭಾಗವನ್ನೇ ಹೋಲುತ್ತದೆ, ಪೊರೆಯಲ್ಲಿ ನೆಡದೆ ದ್ರವದಲ್ಲಿ ಕರಗಿರುವುದರಿಂದ ಹರಳಾಗಿಸಲು ಸುಲಭ. 2001ರಲ್ಲಿ ನೆದರ್ಲೆಂಡ್ಸ್‌ನ ಟಿಟಿಯಾ ಸಿಕ್ಸ್ಮಾ ಅವರ ಪ್ರಯೋಗಾಲಯ ಇದರ ರಚನೆಯನ್ನು 2.7 ಆಂಗ್‌ಸ್ಟ್ರಾಮ್ ಸೂಕ್ಷ್ಮತೆಯಲ್ಲಿ ಪ್ರಕಟಿಸಿತು. ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ಲೈಗ್ಯಾಂಡ್‌ಗಳೊಡನೆ ಅದನ್ನೂ ಎಪ್ಲೀಸಿಯ ಎಂಬ ಕಡಲ ಮೃದ್ವಂಗಿಯ ಇಂಥದೇ ಪ್ರೋಟೀನನ್ನೂ ಹರಳಾಗಿಸಿದಾಗ ಮುಖ್ಯ ಸಂಗತಿ ಹೊರಬಂತು. ಗ್ರಾಹಕವನ್ನು ತೆರೆಸುವ ನಿಕೋಟಿನ್‌ನಂಥ ಪ್ರಚೋದಕ ಕೂತಾಗ ಸಿ ಕುಣಿಕೆ ಒಳಕ್ಕೆ ಬಾಗಿ ಗೂಡನ್ನು ಮುಚ್ಚುತ್ತದೆ. ಶಂಖುಹುಳುವಿನ ವಿಷದಂಥ, ತೆರೆಯುವುದನ್ನು ತಡೆಯುವ ದೊಡ್ಡ ಪ್ರತಿರೋಧಕ ಕೂತಾಗ ಅದು ಹೊರಕ್ಕೆ ತೆರೆದೇ ನಿಲ್ಲುತ್ತದೆ. ಈ ಎರಡು ತುದಿಗಳ ನಡುವೆ ಕುಣಿಕೆಯ ತುದಿ 11 ಆಂಗ್‌ಸ್ಟ್ರಾಮ್‌ವರೆಗೂ ಸರಿಯುತ್ತದೆ. ಬಂಧನದಿಂದ ರಚನೆಯಲ್ಲಿ ಕಾಣುವ ಮೊದಲ ಬದಲಾವಣೆ ಇದು.

ಗೂಡಿನಿಂದ ಬಾಗಿಲಿಗೆ

ಸಿ ಕುಣಿಕೆ ಮುಚ್ಚಿದ ಮೇಲೆ ನಡೆಯುವುದನ್ನು ಕಟ್ಟಿಕೊಡಲು ಹಲವು ಬಗೆಯ ಸಾಕ್ಷ್ಯ ಬೇಕಾಯಿತು. ಹೊರಭಾಗದ ಬೀಟಾ ಎಳೆಗಳು ಸ್ವಲ್ಪ ತಿರುಚಿಕೊಂಡು ವರ್ತುಲದ ನಡುವಿನತ್ತ ಒತ್ತರಿಸುತ್ತವೆ. ಅವುಗಳ ಕೆಳತುದಿ ಪೊರೆಯ ಭಾಗವನ್ನು ಸಂಧಿಸುವೆಡೆ ಕೆಲವು ಕುಣಿಕೆಗಳ ಸಂತೆಯಿದೆ. ಮೇಲಿನಿಂದ ಬರುವುವು ಬೀಟಾ1–ಬೀಟಾ2 ಕುಣಿಕೆ ಮತ್ತು ಎರಡು ಸಿಸ್ಟೀನ್‌ಗಳ ಗಂಧಕ ಬಂಧದಿಂದ ಬಿಗಿದ, ಈ ಬಗೆಯ ಗ್ರಾಹಕಗಳ ಇಡೀ ಕುಟುಂಬಕ್ಕೇ ಹೆಸರು ಕೊಟ್ಟ ಸಿಸ್ಟೀನ್ ಕುಣಿಕೆ. ಕೆಳಗಿನಿಂದ ಬರುವುದು ಎಂ2 ಮತ್ತು ಎಂ3 ಸುರುಳಿಗಳನ್ನು ಜೋಡಿಸುವ ಕುಣಿಕೆ. ಮೇಲಿನವು ಸರಿದಾಗ ಕೆಳಗಿನದೂ ಹೊರಕ್ಕೆ ಸರಿಯುತ್ತದೆ. ಅದರೊಡನೆ ಎಂ2 ಸುರುಳಿಯ ಮೇಲ್ತುದಿ ರಂಧ್ರದ ನಡುವಿನಿಂದ ದೂರ ವಾಲುತ್ತದೆ. ಐದೂ ಸುರುಳಿಗಳು ಹೀಗೆ ವಾಲಿದಾಗ ರಂಧ್ರ ಅಗಲವಾಗುತ್ತದೆ.

ಬಾಗಿಲು ಎಂದರೆ ರಂಧ್ರಕ್ಕೆ ಅಡ್ಡ ಬಿದ್ದ ತಡೆಯಲ್ಲ. ಮುಚ್ಚಿದ ಸ್ಥಿತಿಯಲ್ಲೂ ರಂಧ್ರದ ನಡುವೆ ತೂತಿರುತ್ತದೆ. ಆದರೆ ಅಲ್ಲಿ ರಂಧ್ರದತ್ತ ಮುಖಮಾಡಿರುವುದು ಲ್ಯೂಸಿನ್, ವ್ಯಾಲಿನ್ ಮುಂತಾದ, ನೀರನ್ನು ಒಲ್ಲದ ಅಮೈನೋ ಆಮ್ಲಗಳು. ಸೋಡಿಯಂ ಅಯಾನು ಯಾವಾಗಲೂ ನೀರಿನ ಅಣುಗಳನ್ನು ಸುತ್ತಿಕೊಂಡೇ ಓಡಾಡುತ್ತದೆ. ಈ ಇಕ್ಕಟ್ಟಿನಲ್ಲಿ ನೀರನ್ನು ಕಳಚದೆ ಹೋಗಲಾಗದು, ಕಳಚಿದರೆ ಆ ನಷ್ಟವನ್ನು ತುಂಬಿಕೊಡಲು ಗೋಡೆಯಲ್ಲಿ ಏನೂ ಇಲ್ಲ. ಹೀಗಾಗಿ ಹಾದಿ ಮುಚ್ಚಿದಂತೆಯೇ. ಸುರುಳಿಗಳು ಕೆಲವೇ ಆಂಗ್‌ಸ್ಟ್ರಾಮ್ ದೂರ ಸರಿದರೂ ಸಾಕು, ನೀರು ಒಳಬರುತ್ತದೆ, ಅಯಾನುಗಳು ಸೆಕೆಂಡಿಗೆ ಸುಮಾರು ಒಂದು ಕೋಟಿಯ ವೇಗದಲ್ಲಿ ಹರಿಯುತ್ತವೆ. 1995ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಾಗಿಲ ಬಳಿಯ ಲ್ಯೂಸಿನ್ ಅನ್ನು ನೀರನ್ನು ಒಲ್ಲೆನ್ನದ ಸೆರಿನ್‌ಗೆ ಬದಲಿಸಲಾಯಿತು. ಒಂದೊಂದು ಉಪಘಟಕದಲ್ಲಿ ಬದಲಿಸಿದಂತೆಲ್ಲ ಗ್ರಾಹಕವನ್ನು ತೆರೆಯಲು ಬೇಕಾದ ಅಸಿಟೈಲ್‌ಕೋಲಿನ್ ಸುಮಾರು ಹತ್ತು ಹತ್ತು ಪಟ್ಟು ಕಡಿಮೆಯಾಗುತ್ತ ಹೋಯಿತು. ಐದೂ ಉಪಘಟಕಗಳು ಈ ಚಲನೆಯಲ್ಲಿ ಸಮಪಾಲು ಹೊತ್ತಿವೆಯೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗಲಾರದು.

ಈ ಚಲನೆಯನ್ನು ಪೊರೆಯಲ್ಲಿದ್ದಂತೆಯೇ ಚಿತ್ರಿಸುವ ಕೆಲಸಕ್ಕೆ ಕೇಂಬ್ರಿಜ್‌ನ ನೈಜೆಲ್ ಅನ್ವಿನ್ ದಶಕಗಟ್ಟಲೆ ದುಡಿದರು. ಟಾರ್ಪೆಡೊ ಪೊರೆಯಲ್ಲಿ ಗ್ರಾಹಕಗಳು ತಾವಾಗಿ ಕೊಳವೆಯಾಕಾರದಲ್ಲಿ ಸಾಲುಗಟ್ಟುತ್ತವೆ. ಅವನ್ನು ಹಿಮಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ತೆರೆದ ಸ್ಥಿತಿ ಬೇಗನೆ ಮುಗಿದುಹೋಗುವುದರಿಂದ ಅನ್ವಿನ್ ಒಂದು ಉಪಾಯ ಹೂಡಿದರು. ಗ್ರಾಹಕಗಳಿದ್ದ ಜಾಲರಿ ದ್ರವ ಈಥೇನಿಗೆ ಬೀಳುತ್ತಿರುವಾಗಲೇ ಅದರ ಮೇಲೆ ಅಸಿಟೈಲ್‌ಕೋಲಿನ್ ಹನಿಗಳನ್ನು ಸಿಂಪಡಿಸಿ, ಐದು ಮಿಲಿಸೆಕೆಂಡಿನೊಳಗೆ ಎಲ್ಲವನ್ನೂ ಹೆಪ್ಪುಗಟ್ಟಿಸಿದರು. 1995ರಲ್ಲಿ ಬಂದ ಆ ಚಿತ್ರ ಇಂದಿನ ಕಣ್ಣಿಗೆ ಮಸುಕು. ಆದರೂ ಲೈಗ್ಯಾಂಡ್ ಕೂಡುವ ಮುಂಚಿನ ಮತ್ತು ಅನಂತರದ ಗ್ರಾಹಕಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ ಮೊದಲ ಚಿತ್ರವದು. ಹತ್ತು ವರ್ಷಗಳ ಬಳಿಕ, 2005ರಲ್ಲಿ, ಅವರು ಮುಚ್ಚಿದ ಸ್ಥಿತಿಯ ಗ್ರಾಹಕವನ್ನು 4 ಆಂಗ್‌ಸ್ಟ್ರಾಮ್ ಸೂಕ್ಷ್ಮತೆಯಲ್ಲಿ ಪ್ರಕಟಿಸಿದರು.

ಚಿತ್ರಗಳಿಗೆ ಕಾಲದ ಆಯಾಮವಿಲ್ಲ. ಅದನ್ನು ತುಂಬಿದ್ದು ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಆಂಥೊನಿ ಆವರ್‌ಬಾಕ್ ಮತ್ತು ಸಂಗಡಿಗರು. ಗ್ರಾಹಕದ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬದಲಿಸಿ, ಪ್ರತಿ ಬದಲಾವಣೆ ತೆರೆಯುವ ವೇಗವನ್ನು ಹೆಚ್ಚು ತಾಕುತ್ತದೆಯೇ ಮುಚ್ಚುವ ವೇಗವನ್ನೇ ಎಂದು ಅವರು ಅಳೆದರು. ತೆರೆಯುವ ವೇಗವನ್ನು ತಾಕುವ ಅಮೈನೋ ಆಮ್ಲ ಮೊದಲು ಚಲಿಸಿರಬೇಕು, ಮುಚ್ಚುವ ವೇಗವನ್ನು ತಾಕುವುದು ಕೊನೆಗೆ. 2000ದಲ್ಲಿ ಅವರು ಮುಂದಿಟ್ಟ ಫಲಿತಾಂಶದ ಪ್ರಕಾರ ಗೂಡಿನ ಸುತ್ತ ಶುರುವಾದ ಚಲನೆ ತಂಡತಂಡವಾಗಿ ಕೆಳಗಿಳಿದು ಬಾಗಿಲನ್ನು ತಲುಪುತ್ತದೆ. ಇಡೀ ಪ್ರಯಾಣಕ್ಕೆ ಹಿಡಿಯುವ ಕಾಲ ಮೈಕ್ರೊಸೆಕೆಂಡುಗಳಲ್ಲಿ.

ಕೂತರೂ ತೆರೆಯದ ಸ್ಥಿತಿ

ಲೈಗ್ಯಾಂಡ್ ಬಿಡದೆ ಕೂತೇ ಇದ್ದರೆ ಗ್ರಾಹಕ ತೆರೆದೇ ಇರುವುದಿಲ್ಲ. 1957ರಲ್ಲಿ ಬರ್ನಾರ್ಡ್ ಕಾಟ್ಜ್ ಮತ್ತು ಸ್ಟೀಫನ್ ಥೆಸ್ಲೆಫ್ ಇದನ್ನು ವಿವರವಾಗಿ ಅಳೆದರು. ಸ್ನಾಯುವಿನ ಮೇಲೆ ಅಸಿಟೈಲ್‌ಕೋಲಿನ್ ಹರಿಸುತ್ತಲೇ ಇದ್ದರೆ ಪ್ರತಿಕ್ರಿಯೆ ಕ್ರಮೇಣ ಕುಂದಿ ನಿಂತುಹೋಗುತ್ತದೆ. ಇದನ್ನು ಜಡಸ್ಥಿತಿ ಎನ್ನಬಹುದು. ವಿಚಿತ್ರವೆಂದರೆ ಈ ಸ್ಥಿತಿಯಲ್ಲೇ ಲೈಗ್ಯಾಂಡಿನ ಮೇಲೆ ಗ್ರಾಹಕದ ಹಿಡಿತ ಅತಿ ಬಿಗಿ.

ಈ ಮೂರನೆಯ ಸ್ಥಿತಿಯ ರಚನೆ ಬಹುಕಾಲ ಕೈಗೆ ಸಿಕ್ಕಿರಲಿಲ್ಲ. ಡಾಲಸ್‌ನಲ್ಲಿ ರಯಾನ್ ಹಿಬ್ಸ್ ಅವರ ತಂಡ 2016ರಲ್ಲಿ ಆಲ್ಫಾ4–ಬೀಟಾ2 ಗ್ರಾಹಕದ ಎಕ್ಸ್-ರೇ ರಚನೆಯನ್ನು ಪ್ರಕಟಿಸಿತು. ಅದು ನಿಕೋಟಿನ್ ಹಿಡಿದ ಜಡ ಗ್ರಾಹಕ. 2021ರಲ್ಲಿ ಅದೇ ತಂಡ ಹಿಮ-ಎಲೆಕ್ಟ್ರಾನ್ ಸೂಕ್ಷ್ಮದರ್ಶನದಿಂದ ಆಲ್ಫಾ7 ಗ್ರಾಹಕದ ಮೂರೂ ಸ್ಥಿತಿಗಳನ್ನು ಚಿತ್ರಿಸಿತು. ವಿಶ್ರಾಂತ ಸ್ಥಿತಿಯನ್ನು ಹಿಡಿದಿಡಲು ಬಂಗಾರೊಟಾಕ್ಸಿನ್, ಜಡಸ್ಥಿತಿಗೆ ಎಪಿಬ್ಯಾಟಿಡಿನ್ ಎಂಬ ಪ್ರಬಲ ಪ್ರಚೋದಕ, ತೆರೆದ ಸ್ಥಿತಿಗೆ ಅದರೊಡನೆ ಜಡತೆಯನ್ನು ತಡೆಯುವ ಇನ್ನೊಂದು ಅಣು. ವಿಶ್ರಾಂತ ಗ್ರಾಹಕದಲ್ಲಿ ರಂಧ್ರ ಕಿರಿದಾಗಿರುವುದು ಪೊರೆಯ ನಡುಭಾಗದಲ್ಲಿ, ನೀರೊಲ್ಲದ ಲ್ಯೂಸಿನ್‌ಗಳ ಬಳಿ. ಜಡ ಗ್ರಾಹಕದಲ್ಲಿ ಅದು ಕೋಶದ ಒಳಬದಿಯ ಕೆಳತುದಿಯಲ್ಲಿ. ಅಂದರೆ ಗ್ರಾಹಕಕ್ಕೆ ಎರಡು ಬಾಗಿಲುಗಳಿವೆ. ಲೈಗ್ಯಾಂಡ್ ಮೇಲಿನದನ್ನು ತೆರೆಯುತ್ತದೆ, ಅದು ಕೂತೇ ಇದ್ದರೆ ಕೆಳಗಿನದು ಮುಚ್ಚಿಕೊಳ್ಳುತ್ತದೆ. ಧೂಮಪಾನಿಯ ಮಿದುಳಿನಲ್ಲಿ ದಿನವಿಡೀ ನಿಕೋಟಿನ್ ಸುಳಿದಾಡುವಾಗ ಬಹುಪಾಲು ಗ್ರಾಹಕಗಳು ಹೀಗೆ ಜಡವಾಗಿಯೇ ಇರುತ್ತವೆ, ಅವುಗಳ ಸಂಖ್ಯೆ ಹೆಚ್ಚುತ್ತಲೂ ಹೋಗುತ್ತದೆ.

ಬೀಗ, ಕೀಲಿ ಮತ್ತು ಸಮತೋಲ

1894ರಲ್ಲಿ ಎಮಿಲ್ ಫಿಷರ್ ಕಿಣ್ವಗಳ ಬಗ್ಗೆ ಹೇಳಿದ ಬೀಗ–ಕೀಲಿಯ ಕಲ್ಪನೆ ಗ್ರಾಹಕಗಳಿಗೂ ಅಂಟಿಕೊಂಡುಬಂದಿದೆ. ಯಾವ ಅಣು ಎಲ್ಲಿ ಹೊಂದುತ್ತದೆ ಎಂಬುದನ್ನು ತಿಳಿಸಲು ಅದು ಸಾಕು. ಆಕಾರ ಏಕೆ ಬದಲಾಗುತ್ತದೆ ಎಂಬುದಕ್ಕೆ ಅದು ತಪ್ಪು ದಾರಿ ತೋರಿಸುತ್ತದೆ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಕೀಲಿಯಿಲ್ಲದೆ ಬೀಗ ತೆರೆಯದು, ಆದರೆ ಗ್ರಾಹಕ ಲೈಗ್ಯಾಂಡ್ ಇಲ್ಲದೆಯೂ ತೆರೆಯುತ್ತದೆ. 1984ರಲ್ಲಿ ಮೇಯರ್ ಜಾಕ್ಸನ್ ಇದನ್ನು ಒಂಟಿ ಗ್ರಾಹಕಗಳ ದಾಖಲೆಯಲ್ಲೇ ತೋರಿಸಿದರು. ಅಸಿಟೈಲ್‌ಕೋಲಿನ್‌ನ ಸುಳಿವೇ ಇಲ್ಲದಾಗ ಗ್ರಾಹಕ ಬಹಳ ಅಪರೂಪವಾಗಿ, ಬಹಳ ಚಿಕ್ಕ ಕ್ಷಣ ತಾನಾಗಿಯೇ ತೆರೆದು ಮುಚ್ಚುತ್ತದೆ.

ಇದರ ಅರ್ಥವನ್ನು ಬಿಡಿಸುವ ಸಿದ್ಧಾಂತ ಅದಕ್ಕೂ ಮುಂಚೆಯೇ ಇತ್ತು. 1965ರಲ್ಲಿ ಜಾಕ್ ಮೊನೊ, ಜೆಫ್ರಿಸ್ ವೈಮನ್ ಮತ್ತು ಅದೇ ಶಾಂಜೂ ಮಂಡಿಸಿದ ಅಲೋಸ್ಟೆರಿಕ್ ಮಾದರಿಯ ಪ್ರಕಾರ ಪ್ರೋಟೀನು ಎರಡು ಆಕಾರಗಳ ನಡುವೆ ಸದಾ ಓಲಾಡುತ್ತಿರುತ್ತದೆ. ಲೈಗ್ಯಾಂಡ್ ಹೊಸ ಆಕಾರವನ್ನು ಕೊಡುವುದಿಲ್ಲ. ಇರುವ ಆಕಾರಗಳಲ್ಲಿ ಒಂದಕ್ಕೆ ಹೆಚ್ಚು ಬಿಗಿಯಾಗಿ ಅಂಟಿ ಸಮತೋಲವನ್ನು ಆ ಕಡೆಗೆ ವಾಲಿಸುತ್ತದೆ. ಸ್ನಾಯುವಿನ ಗ್ರಾಹಕಕ್ಕೆ ಇದು ಸಂಖ್ಯೆಗಳಲ್ಲೂ ಹೊಂದುತ್ತದೆ. ಅಸಿಟೈಲ್‌ಕೋಲಿನ್ ಇಲ್ಲದಾಗ ಗ್ರಾಹಕ ತೆರೆದಿರುವ ಸಂಭವ ಸುಮಾರು ಹತ್ತು ಲಕ್ಷಕ್ಕೊಂದು ಅಥವಾ ಅದಕ್ಕೂ ಕಡಿಮೆ. ಎರಡೂ ಗೂಡುಗಳಲ್ಲಿ ಅಸಿಟೈಲ್‌ಕೋಲಿನ್ ಕೂತಾಗ ಅದು ಶೇಕಡಾ 95ಕ್ಕಿಂತ ಹೆಚ್ಚು. ಈ ಅಗಾಧ ಅಂತರವನ್ನು ತುಂಬುವುದು ತೆರೆದ ಆಕಾರದ ಗೂಡು ಮುಚ್ಚಿದ ಆಕಾರದ ಗೂಡಿಗಿಂತ ಅಸಿಟೈಲ್‌ಕೋಲಿನ್ ಅನ್ನು ಸಾವಿರಾರು ಪಟ್ಟು ಬಿಗಿಯಾಗಿ ಹಿಡಿಯುವ ಗುಣ.

ಎರಡೇ ಸ್ಥಿತಿಗಳಿಂದ ಎಲ್ಲವೂ ವಿವರಣೆಗೆ ಸಿಗುವುದಿಲ್ಲ ಎಂಬುದೂ ನಿಜ. ಕೆಲವು ಲೈಗ್ಯಾಂಡ್‌ಗಳು ಎಷ್ಟು ಹಾಕಿದರೂ ಗ್ರಾಹಕವನ್ನು ಪೂರ್ತಿ ತೆರೆಸಲಾರವು. ಇವು ಅರೆಪ್ರಚೋದಕಗಳು. ಬಾಗಿಲು ತೆರೆಯುವ ಹಂತದಲ್ಲೇ ಅವು ಸೋಲುತ್ತವೆ ಎಂಬ ನಂಬಿಕೆ ಬಹಳ ಕಾಲ ಇತ್ತು. 2008ರಲ್ಲಿ ಲಂಡನ್ನಿನ ಡೇವಿಡ್ ಕೊಹುನ್ ಮತ್ತು ಲೂಸಿಯಾ ಸಿವಿಲೊಟ್ಟಿ ಅವರ ತಂಡ ಸೋಲು ಅದಕ್ಕೂ ಮುಂಚಿನ ಹಂತದಲ್ಲಿದೆ ಎಂದು ತೋರಿಸಿತು. ಲೈಗ್ಯಾಂಡ್ ಕೂತ ಮೇಲೆ, ಬಾಗಿಲು ತೆರೆಯುವ ಮುಂಚೆ, ಗ್ರಾಹಕ ಒಂದು ಅಲ್ಪಾಯುಷ್ಯದ ಸಿದ್ಧಸ್ಥಿತಿಗೆ ಹೊರಳುತ್ತದೆ. ಅರೆಪ್ರಚೋದಕಗಳು ಎಡವುವುದು ಆ ಹೊರಳುವಿಕೆಯಲ್ಲಿ. ಒಮ್ಮೆ ಅಲ್ಲಿಗೆ ತಲುಪಿದರೆ ಬಾಗಿಲು ತೆರೆಯುವ ವೇಗ ಎಲ್ಲ ಪ್ರಚೋದಕಗಳಿಗೂ ಹೆಚ್ಚುಕಡಿಮೆ ಒಂದೇ. ಧೂಮಪಾನ ಬಿಡಿಸಲು ಕೊಡುವ ವರೆನಿಕ್ಲಿನ್ ಮಾತ್ರೆ ಮಿದುಳಿನ ಆಲ್ಫಾ4–ಬೀಟಾ2 ಗ್ರಾಹಕಕ್ಕೆ ಇಂಥ ಅರೆಪ್ರಚೋದಕ: ತಾನು ಅಲ್ಪ ಕೆಲಸ ಮಾಡಿ ಚಡಪಡಿಕೆಯನ್ನು ತಗ್ಗಿಸುತ್ತದೆ, ಜಾಗ ಹಿಡಿದು ನಿಕೋಟಿನ್ ಕೂರದಂತೆ ತಡೆಯುತ್ತದೆ.

ಪ್ರೋಟೀನಿನ ಆಕಾರದ ಮಾತು ಬಂದಾಗ ಬೆಂಗಳೂರಿನ ನಂಟನ್ನೂ ನೆನೆಯಬೇಕು. ಮೇಲೆ ಹೇಳಿದಂಥ ರಚನೆಗಳು ಪ್ರಕಟವಾಗುವ ಮುನ್ನ ರಾಮಚಂದ್ರನ್ ನಕ್ಷೆಯ ಪರೀಕ್ಷೆಗೆ ಒಳಗಾಗುತ್ತವೆ. ಅಮೈನೋ ಆಮ್ಲಗಳ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುದರಲ್ಲಿ ತಿರುಗಲಾರದು ಎಂದು ಹೇಳುವ ಈ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು.

ಬೇರೆ ಗ್ರಾಹಕಗಳು

ಗ್ಯಾಬಾ-ಎ, ಗ್ಲೈಸಿನ್ ಮತ್ತು ಸೆರೊಟೊನಿನ್‌ನ 5-ಎಚ್‌ಟಿ3 ಗ್ರಾಹಕಗಳು ಇದೇ ಕುಟುಂಬದವು. ಐದು ಉಪಘಟಕ, ಅದೇ ಗೂಡು, ಅದೇ ಬಾಗಿಲು. ಮೊದಲೆರಡರಲ್ಲಿ ಹಾಯುವುದು ಕ್ಲೋರೈಡ್ ಆದ್ದರಿಂದ ಅವು ನರವನ್ನು ಶಾಂತಗೊಳಿಸುತ್ತವೆ. ಡಯಾಜೆಪಾಮ್ ಎಂಬ ಔಷಧ ಗ್ಯಾಬಾದ ಗೂಡಿನಲ್ಲಿ ಕೂರದೆ, ಬೇರೊಂದು ಗಡಿಯಲ್ಲಿ ಅಂಥದೇ ಜಾಗ ಹುಡುಕಿಕೊಂಡು ಸಮತೋಲವನ್ನು ತುಸು ವಾಲಿಸುತ್ತದೆ. ತಾನೊಂದೇ ಬಾಗಿಲನ್ನು ತೆರೆಯಲಾರದು.

ಮಿದುಳಿನಲ್ಲಿ ನರವನ್ನು ಉದ್ರೇಕಿಸುವ ಮುಖ್ಯ ಗ್ರಾಹಕವಾದ ಆಂಪಾ ಗ್ಲುಟಮೇಟ್ ಗ್ರಾಹಕದ ಕಟ್ಟೋಣವೇ ಬೇರೆ. ಅಲ್ಲಿ ನಾಲ್ಕು ಉಪಘಟಕಗಳು. ಗ್ಲುಟಮೇಟ್ ಕೂಡುವ ಭಾಗ ಕಪ್ಪೆಚಿಪ್ಪಿನಂತೆ ಎರಡು ಹೋಳುಗಳದು. ಗ್ಲುಟಮೇಟ್ ನಡುವೆ ಬಂದರೆ ಹೋಳುಗಳು ಸುಮಾರು 20 ಡಿಗ್ರಿಯಷ್ಟು ಮುಚ್ಚಿಕೊಳ್ಳುತ್ತವೆ. ಕೈನೇಟ್ ಎಂಬ ಅರೆಪ್ರಚೋದಕ ಬಂದರೆ ಸುಮಾರು 12 ಡಿಗ್ರಿ ಮಾತ್ರ. ನೀಲಿ ಆರ್ಮ್‌ಸ್ಟ್ರಾಂಗ್ ಮತ್ತು ಎರಿಕ್ ಗುವಾ 2000ದಲ್ಲಿ ಪ್ರಕಟಿಸಿದ ಈ ಅಳತೆಗಳು ಮುಚ್ಚುವ ಕೋನಕ್ಕೂ ಪ್ರತಿಕ್ರಿಯೆಯ ಬಲಕ್ಕೂ ನೇರ ಸಂಬಂಧವನ್ನು ತೋರಿಸಿದವು. ನಿಕೋಟಿನಿಕ್ ಗ್ರಾಹಕದಲ್ಲಿ ಅರೆಪ್ರಚೋದಕದ ಸೋಲು ಕಾಲದ ಹಂತವೊಂದರಲ್ಲಿದ್ದರೆ, ಇಲ್ಲಿ ಅದು ಕೋನದಲ್ಲೇ ಕಾಣುತ್ತದೆ. ಒಂದು ಕುಟುಂಬದ ಪಾಠವನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯಬಾರದು. ಇನ್ನು ಜಿ-ಪ್ರೋಟೀನ್ ಜೋಡಿತ ಗ್ರಾಹಕಗಳಿಗೆ ರಂಧ್ರವೇ ಇಲ್ಲ. ಲೈಗ್ಯಾಂಡ್ ಕೂತಾಗ ಅವುಗಳ ಆರನೆಯ ಸುರುಳಿಯ ಒಳತುದಿ ಹೊರಕ್ಕೆ ಸರಿದು ಜಿ-ಪ್ರೋಟೀನಿಗೆ ಜಾಗ ಬಿಡುತ್ತದೆ. 2011ರಲ್ಲಿ ಬ್ರಯನ್ ಕೋಬಿಲ್ಕ ಅವರ ತಂಡ ಈ ಸರಿತವನ್ನು ಬೀಟಾ2 ಅಡ್ರಿನಲಿನ್ ಗ್ರಾಹಕದಲ್ಲಿ ನೇರವಾಗಿ ತೋರಿಸಿತು.

153ನೆಯ ಅಮೈನೋ ಆಮ್ಲ

ಒಂದು ಅಮೈನೋ ಆಮ್ಲ ಬದಲಾದರೆ ಏನಾದೀತು ಎಂಬುದಕ್ಕೆ ಆಲ್ಫಾ ಉಪಘಟಕದ 153ನೆಯ ಸ್ಥಾನಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಇದು ಗೂಡಿನಲ್ಲಿ ಮೇಲೆ ಹೇಳಿದ 149ನೆಯ ಟ್ರಿಪ್ಟೊಫ್ಯಾನಿನ ಹತ್ತಿರದಲ್ಲಿದೆ. ಸ್ನಾಯುವಿನ ಗ್ರಾಹಕದಲ್ಲಿ ಅಲ್ಲಿ ಗ್ಲೈಸಿನ್ ಇದೆ, ಮಿದುಳಿನ ಆಲ್ಫಾ4ರಲ್ಲಿ ಲೈಸಿನ್. ಈ ವ್ಯತ್ಯಾಸ ಗೂಡಿನ ಆಕಾರವನ್ನು ಚೂರು ತಿರುಗಿಸುತ್ತದೆ. ಮಿದುಳಿನಲ್ಲಿ ನಿಕೋಟಿನ್ ಆ ಟ್ರಿಪ್ಟೊಫ್ಯಾನಿನ ಉಂಗುರದ ಮೇಲೆ ಬಿಗಿಯಾಗಿ ಕೂರುತ್ತದೆ, ಸ್ನಾಯುವಿನಲ್ಲಿ ಹಾಗೆ ಕೂರುವುದಿಲ್ಲ. ಡೊಹರ್ಟಿ ಮತ್ತು ಲೆಸ್ಟರ್ ಅವರ ತಂಡ 2009ರಲ್ಲಿ ಇದನ್ನು ತೋರಿಸಿತು. ಬೀಡಿ, ಸಿಗರೇಟಿನ ನಿಕೋಟಿನ್ ಮಿದುಳನ್ನು ಚಟಕ್ಕೆ ಕೆಡವುತ್ತದೆ, ಆದರೆ ಮೈಯ ಸ್ನಾಯುಗಳನ್ನು ಸೆಟೆಯಿಸುವುದಿಲ್ಲ. ಅದಕ್ಕೆ ಒಂದು ಮುಖ್ಯ ಕಾರಣ ಇಲ್ಲಿದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ಹೊಗೆಸೊಪ್ಪಿನ ಗಿಡ ನಿಕೋಟಿನ್ ತಯಾರಿಸುವುದು ತನ್ನನ್ನು ತಿನ್ನಲು ಬರುವ ಕೀಟಗಳ ಇದೇ ಗ್ರಾಹಕವನ್ನು ಕೆಡಿಸಲು. ಹತ್ತಿ ಮತ್ತು ಭತ್ತಕ್ಕೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಆ ಉಪಾಯದ ಕಾರ್ಖಾನೆ ರೂಪ. ಅದು ಕೀಟದ ಗೂಡಿಗೆ ಹೆಚ್ಚು, ಮನುಷ್ಯನ ಗೂಡಿಗೆ ಕಡಿಮೆ ಹೊಂದುತ್ತದೆ. ಜೇನುನೊಣವೂ ಕೀಟವೇ ಆದ್ದರಿಂದ ಐರೋಪ್ಯ ಒಕ್ಕೂಟ 2018ರಲ್ಲಿ ಅದನ್ನು ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು.

ಇದೇ 153ನೆಯ ಗ್ಲೈಸಿನ್ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಸೆರಿನ್ ಆಗಿರುತ್ತದೆ. ಆಗ ಗೂಡು ಅಸಿಟೈಲ್‌ಕೋಲಿನ್ ಅನ್ನು ಬೇಗ ಬಿಡುವುದಿಲ್ಲ. ಒಂದು ಬಾರಿ ಕೂತ ಅಣು ಬಾಗಿಲನ್ನು ಮತ್ತೆ ಮತ್ತೆ ತೆರೆಸುತ್ತದೆ, ಅಯಾನುಗಳು ಮಿತಿಮೀರಿ ಹರಿದು ಸ್ನಾಯುವಿನ ತುದಿ ಹಾಳಾಗುತ್ತದೆ. ಆಂಡ್ರ್ಯೂ ಎಂಗೆಲ್ 1982ರಲ್ಲಿ ವಿವರಿಸಿದ 'ನಿಧಾನ ಮುಚ್ಚುವ ನಾಳ'ದ ರೋಗಗಳಲ್ಲಿ ಇದೊಂದು. ಸ್ನಾಯು ಸೋಲುವ ಕಾರಣ ಇದನ್ನು ಪ್ರತಿಕಾಯಗಳಿಂದ ಬರುವ ಮಯಾಸ್ತೇನಿಯ ಗ್ರೇವಿಸ್ ಎಂದು ತಪ್ಪು ತಿಳಿಯುವುದುಂಟು. ಆದರೆ ಮಯಾಸ್ತೇನಿಯಕ್ಕೆ ಕೊಡುವ, ಅಸಿಟೈಲ್‌ಕೋಲಿನ್ ಉಳಿಸುವ ಪಿರಿಡೊಸ್ಟಿಗ್ಮಿನ್ ಮಾತ್ರೆ ಇಲ್ಲಿ ರೋಗವನ್ನು ಹೆಚ್ಚಿಸುತ್ತದೆ. ಇಲ್ಲಿ ಬೇಕಾದ್ದು ತೆರೆದ ರಂಧ್ರವನ್ನು ತಡೆಯುವ ಕ್ವಿನಿಡಿನ್ ಅಥವಾ ಫ್ಲೂಒಕ್ಸೆಟಿನ್.

ಹಾವು ಮತ್ತು ಮುಂಗುಸಿ

ಗ್ರಾಹಕವನ್ನು ಗುರುತಿಸಲು ನೆರವಾದ ಬಂಗಾರೊಟಾಕ್ಸಿನ್ 74 ಅಮೈನೋ ಆಮ್ಲಗಳ, ಮೂರು ಬೆರಳುಗಳನ್ನು ಚಾಚಿದ ಆಕಾರದ ಪ್ರೋಟೀನು. ನಮ್ಮ ನಾಗರಹಾವಿನ ವಿಷದಲ್ಲೂ ಇದೇ ವಂಶದ ಪ್ರೋಟೀನುಗಳಿವೆ. ಈ ಪ್ರೋಟೀನುಗಳ ನಡುಬೆರಳು ಸಿ ಕುಣಿಕೆಯ ಕೆಳಗೆ ನುಗ್ಗಿ ಅದು ಮುಚ್ಚದಂತೆ ತಡೆಹಿಡಿಯುತ್ತದೆ. ಕುಣಿಕೆ ಮುಚ್ಚದಿದ್ದರೆ ಬಾಗಿಲು ತೆರೆಯದು. ರೆಪ್ಪೆ ಜೋಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ.

ನಾಗರಹಾವಿಗೆ ತನ್ನದೇ ವಿಷ ಏಕೆ ತಾಗುವುದಿಲ್ಲ? ಅದರ ಆಲ್ಫಾ ಉಪಘಟಕದಲ್ಲಿ ಸಿ ಕುಣಿಕೆಯ ಬಳಿ ಒಂದು ಸಕ್ಕರೆಯ ಸರಪಳಿ ಅಂಟಿಕೊಂಡಿದೆ. ವಿಷದ ಬೆರಳು ಒಳನುಗ್ಗಲು ಅದು ಅಡ್ಡಬರುತ್ತದೆ, ಪುಟ್ಟ ಅಸಿಟೈಲ್‌ಕೋಲಿನ್‌ಗೆ ಅಡ್ಡಬರುವುದಿಲ್ಲ. ಇಸ್ರೇಲಿನ ಸಾರಾ ಫುಕ್ಸ್ ಅವರ ತಂಡ 1992ರಲ್ಲಿ ಮುಂಗುಸಿಯ ಗ್ರಾಹಕದಲ್ಲೂ ಅದೇ ಭಾಗದಲ್ಲಿ ಕೆಲವು ಅಮೈನೋ ಆಮ್ಲಗಳು ಬದಲಾಗಿರುವುದನ್ನು ಕಂಡಿತು. ಕಚ್ಚಿಸಿಕೊಂಡ ಮುಂಗುಸಿ ಯಾವುದೋ ಬೇರನ್ನು ತಿಂದು ವಿಷ ಇಳಿಸಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಅದರ ರಕ್ಷಣೆ ಬೇರಿನಲ್ಲಿಲ್ಲ, ಹುಟ್ಟಿನಿಂದ ಬಂದ ಗ್ರಾಹಕದ ರಚನೆಯಲ್ಲಿದೆ. ಮನುಷ್ಯನಿಗೆ ಆ ರಕ್ಷಣೆ ಇಲ್ಲ. ಹಾವಿನ ಪ್ರತಿವಿಷ ರಕ್ತದಲ್ಲಿ ತೇಲುತ್ತಿರುವ ವಿಷವನ್ನು ಹಿಡಿಯಬಲ್ಲದು, ಗ್ರಾಹಕಕ್ಕೆ ಆಗಲೇ ಬಿಗಿಯಾಗಿ ಅಂಟಿದ್ದನ್ನು ಕಿತ್ತು ತೆಗೆಯುವುದು ಅದಕ್ಕೆ ಬಹಳ ಕಷ್ಟ. ಆದ್ದರಿಂದ ಹಾವು ಕಚ್ಚಿದವರನ್ನು ನಾಟಿ ಬೇರಿಗಾಗಿ, ಮಂತ್ರಕ್ಕಾಗಿ ಅಲೆಸದೆ, ಪ್ರತಿವಿಷವೂ ಕೃತಕ ಉಸಿರಾಟದ ಸೌಲಭ್ಯವೂ ಇರುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಿರಿ.